ಬಂಧವೆಂಬ ಅತಿಚಾರವೂ ಮೊಲದ ಹಿಕ್ಕೆಯೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಪ್ರಾಣಿಗಳ ವಿಷಯದಲ್ಲಿ ಮಾಡಬಾರದ ಐದು ತಪ್ಪುಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿ ಹೇಳಿದ್ದಾರೆ. ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಮೇವುನೀರು ಕೊಡದಿರುವುದು ಇವು ನಾಲ್ಕು. ಇವುಗಳಿಗಿಂತ ಮೊದಲು ಬರುವುದು ಬಂಧ. ಒಂದು ಜೀವವು ತನಗೆ ಇಷ್ಟವಾದೆಡೆಗೆ ಹೋಗದಂತೆ ತಡೆದು ನಿಲ್ಲಿಸುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಪೆಟ್ಟಿಗಿಂತ, ಗಾಯಕ್ಕಿಂತ ಮುಂಚೆ ಹಗ್ಗವನ್ನು ಹೆಸರಿಸಿರುವುದು ಗಮನಿಸತಕ್ಕ ಸಂಗತಿಯಾಗಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಜೈನ ಮನೆಗಳಲ್ಲಿ ಈ ಅತಿಚಾರಗಳ ಪಾಠವು ಬಹುಕಾಲ ಕೊಟ್ಟಿಗೆಯ ಸುತ್ತಲೇ ನಡೆಯುತ್ತಿತ್ತು. ಎತ್ತಿನ ಮೂಗುದಾರ, ಗಾಡಿಯ ಮೇಲಿನ ಮೂಟೆಗಳ ಲೆಕ್ಕ, ಉಪವಾಸದ ದಿನ ಮನೆಯವರು ಉಣ್ಣದಿದ್ದರೂ ಹಸುವಿಗೆ ಹುಲ್ಲು ತಪ್ಪಿಸಬಾರದೆಂಬ ಎಚ್ಚರಿಕೆ ಇವೇ ಅಲ್ಲಿನ ದೃಷ್ಟಾಂತಗಳು. ಈಗ ಕೊಟ್ಟಿಗೆಗಳು ಕಡಿಮೆಯಾಗಿವೆ. ಆ ಮನೆಗಳ ಮಕ್ಕಳು ಜೀವವಿಜ್ಞಾನವನ್ನು ಓದಿ ಬೆಂಗಳೂರು, ಹೈದರಾಬಾದುಗಳ ಪ್ರಯೋಗಾಲಯಗಳಿಗೆ ಹೋಗುತ್ತಿದ್ದಾರೆ. ಹಿಂದೆ ಕಪ್ಪೆಯನ್ನು ಕೊಯ್ಯಬೇಕಾಗುತ್ತದೆಂಬ ಒಂದೇ ಕಾರಣಕ್ಕೆ ಪ್ರಾಣಿಶಾಸ್ತ್ರವನ್ನು ಬಿಟ್ಟು ಬೇರೆ ವಿಷಯವನ್ನು ಆರಿಸಿಕೊಳ್ಳುವುದಿತ್ತು. 2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಆ ಛೇದನಪಾಠಗಳನ್ನು ನಿಲ್ಲಿಸಬೇಕೆಂದು ಸೂಚಿಸಿದ ಮೇಲೆ ಆ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಯಿತು. ಆದರೆ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು. ಅಳಿವಿನಂಚಿನಲ್ಲಿರುವ ಪ್ರಾಣಿಗಳನ್ನು ಸೆರೆಯಲ್ಲಿಟ್ಟು ಸಂತತಿಯನ್ನು ಬೆಳೆಸುವ ಕಡೆಗಳಲ್ಲಿ, ಅವುಗಳ ಮೈಮುಟ್ಟದೆ, ಹಿಕ್ಕೆ ಲದ್ದಿಗಳನ್ನು ಪರೀಕ್ಷಿಸಿ, ಗರ್ಭ ನಿಂತಿದೆಯೆ ಇಲ್ಲವೆ ಎಂದು ತಿಳಿಯುವ ವಿದ್ಯೆಯೊಂದು ಬೆಳೆದಿದೆ. ಅಣುವ್ರತವಿರುವ ತರುಣಿಯೊಬ್ಬಳಿಗೆ ಅಂಥ ಕೆಲಸ ದೊರೆತರೆ ಆಕೆ ಒಪ್ಪಿಕೊಳ್ಳಬಹುದೆ? ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಕೊಲ್ಲುವುದಿಲ್ಲ. ಆದುದರಿಂದ ದೋಷವೇ ಇಲ್ಲವೆಂದು ಹೇಳುವುದು ಸುಲಭ. ಅಷ್ಟು ಸುಲಭವಾದ ಉತ್ತರವನ್ನು ಸ್ವಲ್ಪ ತಡೆದು ನೋಡಬೇಕು.

ಮೊದಲು ಆ ವಿದ್ಯೆಯ ಸ್ವರೂಪವನ್ನು ತಿಳಿಯಬೇಕು. ದೇಹದ ಗ್ರಂಥಿಗಳಿಂದ ರಕ್ತಕ್ಕೆ ಸೇರುವ ಹಾರ್ಮೋನುಗಳು ತಮ್ಮ ಕೆಲಸ ಮುಗಿದ ಮೇಲೆ ಯಕೃತ್ತಿನಲ್ಲಿ ರೂಪಾಂತರ ಹೊಂದಿ, ಮಲಮೂತ್ರಗಳ ಮೂಲಕ ಹೊರಬೀಳುತ್ತವೆ. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್, ಹೆಣ್ಣಿನ ಈಸ್ಟ್ರೊಜೆನ್, ಗಂಡಿನ ಟೆಸ್ಟೊಸ್ಟಿರಾನ್, ಭಯ ಮತ್ತು ಒತ್ತಡಗಳಲ್ಲಿ ಏರುವ ಕಾರ್ಟಿಸಾಲ್, ಇವೆಲ್ಲದರ ಶೇಷವೂ ಹಿಕ್ಕೆಯಲ್ಲಿ ಇರುತ್ತದೆ. ಹಿಕ್ಕೆಯನ್ನು ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿ ಕಲಕಿ ಸಾರವನ್ನು ತೆಗೆದು, ಪ್ರತಿಕಾಯವನ್ನು ಲೇಪಿಸಿದ ತಟ್ಟೆಯ ಕುಳಿಗಳಲ್ಲಿ ಹಾಕಿದರೆ, ಮೂಡುವ ಬಣ್ಣದ ಗಾಢತೆಯಿಂದ ಹಾರ್ಮೋನಿನ ಪ್ರಮಾಣವನ್ನು ತಿಳಿಯಬಹುದು. ಮೊಲದ ವಿಷಯದಲ್ಲಿ ಒಂದು ವಿಶೇಷವುಂಟು. ಅದು ಎರಡು ಬಗೆಯ ಮಲವನ್ನು ಹಾಕುತ್ತದೆ. ಮೆತ್ತಗಿನದನ್ನು ತಾನೇ ಮತ್ತೆ ತಿನ್ನುತ್ತದೆ, ಗಟ್ಟಿಯಾದ ಗುಂಡುಹಿಕ್ಕೆಯನ್ನು ಮಾತ್ರ ಬಿಟ್ಟುಹೋಗುತ್ತದೆ. ಪರೀಕ್ಷೆಗೆ ಆರಿಸಿಕೊಳ್ಳುವುದು ಆ ಗಟ್ಟಿ ಹಿಕ್ಕೆಯನ್ನೇ.

ರಕ್ತಕ್ಕಿಂತ ಹಿಕ್ಕೆ ಮೇಲೆಂಬುದಕ್ಕೆ ಕರುಣೆಯೊಂದೇ ಕಾರಣವಲ್ಲ. ಅರ್ಧ ಕಿಲೋ ತೂಗದ ಪ್ರಾಣಿಯನ್ನು ಹಿಡಿದು ಸೂಜಿ ಚುಚ್ಚಿದರೆ ಆ ಹಿಡಿತದ ಭಯದಿಂದಲೇ ಕಾರ್ಟಿಸಾಲ್ ಏರುತ್ತದೆ. ಅಳೆಯುವವನು ತಾನೇ ಉಂಟುಮಾಡಿದ ಭಯವನ್ನು ಅಳೆದಂತಾಗುತ್ತದೆ. ಹಿಕ್ಕೆಯಾದರೋ ಕಳೆದ ಹಲವು ಗಂಟೆಗಳ ದೇಹಸ್ಥಿತಿಯನ್ನು ಒಟ್ಟಾಗಿ ಹೇಳುತ್ತದೆ. ಹೆಕ್ಕುವವನ ಸುಳಿವು ಅದರಲ್ಲಿ ಸೇರುವುದಿಲ್ಲ. ಹಿಂಸೆ ಕಡಿಮೆಯಾದಲ್ಲಿ ಜ್ಞಾನವೂ ಶುದ್ಧವಾಗುವ ಅಪರೂಪದ ಪ್ರಸಂಗವಿದು.

ಇದರ ಹಿಂದಿನ ಚರಿತ್ರೆಯನ್ನು ನೆನೆದರೆ ಈ ಬದಲಾವಣೆಯ ತೂಕ ತಿಳಿಯುತ್ತದೆ. 1931ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರಿಸ್ ಫ್ರೀಡ್‌ಮನ್ ಎಂಬ ವೈದ್ಯನು ಸ್ತ್ರೀಯರ ಗರ್ಭಪರೀಕ್ಷೆಗೆ ಹೆಣ್ಣುಮೊಲವನ್ನು ಸಾಧನವಾಗಿ ಮಾಡಿಕೊಂಡನು. ಸ್ತ್ರೀಯ ಮೂತ್ರವನ್ನು ಮೊಲದ ಕಿವಿಯ ನಾಳಕ್ಕೆ ಚುಚ್ಚಿ, ಒಂದೆರಡು ದಿನಗಳ ನಂತರ ಅದರ ಹೊಟ್ಟೆಯನ್ನು ಕೊಯ್ದು ಅಂಡಾಶಯವನ್ನು ನೋಡುವುದೇ ಆ ವಿಧಾನ. ಮೊಲವನ್ನೇ ಆರಿಸಿಕೊಂಡುದಕ್ಕೂ ಕಾರಣವಿತ್ತು. ಹೆಣ್ಣುಮೊಲದಲ್ಲಿ ಗಂಡಿನ ಕೂಟವಾಗದೆ ಅಂಡ ಬಿಡುಗಡೆಯಾಗುವುದಿಲ್ಲ. ಆದುದರಿಂದ ಒಂಟಿಯಾಗಿಟ್ಟ ಮೊಲದಲ್ಲಿ ಅಂಡ ಬಿಡುಗಡೆಯಾಗಿದ್ದರೆ ಅದು ಗರ್ಭಿಣಿಯ ಮೂತ್ರದ ಪರಿಣಾಮವೇ ಎಂದು ನಿರ್ಧರಿಸಬಹುದಾಗಿತ್ತು. ಫಲಿತಾಂಶ ಹೌದೆಂದಾಗಲಿ ಅಲ್ಲವೆಂದಾಗಲಿ, ಮೊಲವು ಸಾಮಾನ್ಯವಾಗಿ ಸಾಯುತ್ತಿತ್ತು. 1960ರ ದಶಕದಲ್ಲಿ ಪ್ರತಿಕಾಯದ ಪರೀಕ್ಷೆಗಳು ಬರುವವರೆಗೂ ಈ ಕ್ರಮ ಬಳಕೆಯಲ್ಲಿತ್ತು. ಒಂದು ತಾಯಿಯಾಗುವ ಸಂತೋಷವಾರ್ತೆಗೆ ಒಂದು ಪಂಚೇಂದ್ರಿಯ ಜೀವದ ಪ್ರಾಣ! ಅಂಥ ಮೊಲದ ಕುಲದಲ್ಲಿಯೇ ಅಳಿಯುತ್ತಿದ್ದ ಒಂದು ಜಾತಿಯ ಗರ್ಭವನ್ನು ತಿಳಿಯಲು, ಎಂಬತ್ತು ವರ್ಷಗಳ ನಂತರ, ಮನುಷ್ಯನು ಬಾಗಿ ಅದರ ಹಿಕ್ಕೆಯನ್ನು ಹೆಕ್ಕಿದನು.

ಆ ಜಾತಿ ಅಮೆರಿಕದ ವಾಯುವ್ಯದ ವಾಷಿಂಗ್ಟನ್ ರಾಜ್ಯದಲ್ಲಿರುವ ಕೊಲಂಬಿಯಾ ಜಲಾನಯನದ ಕುಬ್ಜಮೊಲ. ಚನ್ನರಾಯಪಟ್ಟಣದ ಹುರುಳಿಹೊಲಗಳಿಂದ ಚಂಗನೆ ಹಾರಿಹೋಗುವ ಕರಿಗತ್ತಿನ ಮೊಲವು ಬಿಲ ತೋಡುವುದಿಲ್ಲ, ಅದರ ಸಂತತಿಗೆ ಅಳಿವಿನ ಭಯವೂ ಸದ್ಯಕ್ಕಿಲ್ಲ. ಕುಬ್ಜಮೊಲವಾದರೋ ಸುಮಾರು 400 ಗ್ರಾಂ ತೂಗುವ, ತಾನೇ ಬಿಲ ತೋಡಿಕೊಳ್ಳುವ ಪ್ರಾಣಿ. ಸೇಜ್‌ಬ್ರಷ್ ಎಂಬ ಒಂದು ಬಗೆಯ ಕುರುಚಲು ಗಿಡವೇ ಅದಕ್ಕೆ ಆಹಾರ, ಆಶ್ರಯ ಎರಡೂ. ಚಳಿಗಾಲದಲ್ಲಂತೂ ಬೇರೆ ಏನನ್ನೂ ಮುಟ್ಟುವುದಿಲ್ಲವೆನ್ನಬಹುದು. ಆ ಗಿಡದ ಬಯಲುಗಳನ್ನು ಉತ್ತು ಹೊಲವಾಗಿ ಮಾಡಿದ ಮೇಲೆ ಮೊಲಗಳು ಕ್ಷೀಣಿಸಿದವು. 2001ರಲ್ಲಿ ಉಳಿದಿದ್ದ ಹದಿನಾರು ಮೊಲಗಳನ್ನು ಹಿಡಿದು ಸಂತಾನವೃದ್ಧಿಗಾಗಿ ಸೆರೆಯಲ್ಲಿಟ್ಟರು. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯ, ಓರೆಗಾನ್ ಮೃಗಾಲಯ ಮೊದಲಾದೆಡೆ ಅವುಗಳನ್ನು ಸಾಕಲಾಯಿತು.

ಸೆರೆಯಲ್ಲಿ ಅವು ಸರಿಯಾಗಿ ಮರಿ ಹಾಕಲಿಲ್ಲ. ಒಂದೇ ಬಳಗದೊಳಗಿನ ಕೂಟದಿಂದ ವಂಶವು ಬಲಹೀನವಾಗಿತ್ತು. ಅಲ್ಲದೆ ಗರ್ಭ ನಿಂತಿದೆಯೆಂದು ತಿಳಿಯುವುದೇ ಕಷ್ಟವಾಗಿತ್ತು. ಈ ತಾಯಿಮೊಲವು ಹೆರುವುದಕ್ಕೆಂದೇ ಪ್ರತ್ಯೇಕವಾದ ಸಣ್ಣ ಬಿಲವನ್ನು ತೋಡಿ, ಮರಿ ಹಾಕಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿಬಿಡುತ್ತದೆ. ಹಾಲೂಡಿಸಲು ಮಾತ್ರ ತೆರೆದು ಮತ್ತೆ ಮುಚ್ಚುತ್ತದೆ. ನೋಡುವ ಆತುರದಿಂದ ಅದನ್ನು ಅಗೆದರೆ ಮರಿಗಳಿಗೇ ಕೇಡು. ಇಂಥಲ್ಲಿ ಹಿಕ್ಕೆಯ ಪರೀಕ್ಷೆ ಉಪಕಾರಕ್ಕೆ ಬಂತು. ಸುಮಾರು 24 ದಿನಗಳ ಗರ್ಭಾವಧಿಯಲ್ಲಿ ಪ್ರೊಜೆಸ್ಟರಾನಿನ ಶೇಷವು ಹೇಗೆ ಏರುತ್ತದೆ, ಕೊಲಂಬಿಯಾದ ಮೊಲಗಳಿಗೂ ಐಡಹೊ ರಾಜ್ಯದ ಮೊಲಗಳಿಗೂ ಭೇದವೇನು, ಒತ್ತಡಕ್ಕೂ ಸಂತಾನಕ್ಕೂ ಸಂಬಂಧವೇನು ಎಂಬ ವಿಚಾರಗಳ ಅಧ್ಯಯನಗಳು 2011 ಮತ್ತು 2012ರಲ್ಲಿ ಪ್ರಕಟವಾದವು.

ಇನ್ನು ಧರ್ಮದ ದೃಷ್ಟಿಯಿಂದ ನೋಡಬೇಕು. ತಾನಾಗಿ ಬಿಟ್ಟುದನ್ನು ಎತ್ತಿಕೊಳ್ಳುವುದಕ್ಕೆ ದಿಗಂಬರ ಪರಂಪರೆಯಲ್ಲಿ ಎಲ್ಲರ ಕಣ್ಣೆದುರಿಗಿರುವ ಒಂದು ಉದಾಹರಣೆಯಿದೆ. ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲಿನ ಗರಿಗಳಿಂದ ಆದದ್ದು. ಆದರೆ ಆ ಗರಿಗಳನ್ನು ನವಿಲಿನಿಂದ ಕಿತ್ತದ್ದಲ್ಲ. ನವಿಲು ಕಾಲಕ್ಕೆ ತಕ್ಕಂತೆ ತಾನಾಗಿ ಉದುರಿಸಿದ ಗರಿಯನ್ನು ಆಯ್ದು, ಅದರಿಂದಲೇ ಜೀವರಕ್ಷಣೆಯ ಉಪಕರಣವನ್ನು ಮಾಡುತ್ತಾರೆ. ಮೊಲವು ಬಿಟ್ಟುಹೋದ ಹಿಕ್ಕೆಯೂ ಅದೇ ಬಗೆಯದೆಂದು ಹೇಳಬಹುದು. ಮೊಲಕ್ಕೆ ಅದು ಬೇಡ. ಅದನ್ನು ತೆಗೆದುಕೊಂಡರೆ ಅದಕ್ಕೆ ನಷ್ಟವಿಲ್ಲ, ನೋವಿಲ್ಲ. ಛೇದವೆಂದರೆ ಕಿವಿ ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದೆಂದು ವ್ಯಾಖ್ಯಾನವಿದ್ದರೂ, ಸೂಜಿಯಿಂದ ರಕ್ತ ಸೆಳೆಯುವುದೂ ಅದರ ಸಮೀಪದ್ದೇ. ಆ ದೋಷದಿಂದ ಈ ವಿದ್ಯೆ ಪಾರಾಗಿದೆ.

ಇಲ್ಲಿಗೆ ನಿಂತುಬಿಟ್ಟರೆ ವಿಚಾರ ಅರ್ಧವಾಗುತ್ತದೆ. ಹಿಂಸೆಯನ್ನು ತಾನು ಮಾಡುವುದು ಮಾತ್ರವಲ್ಲ, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಇವೂ ದೋಷವೇ ಎಂಬುದು ಕೃತ, ಕಾರಿತ, ಅನುಮೋದನೆಗಳ ವಿವೇಚನೆ. ಈ ಪರೀಕ್ಷೆಯ ತಟ್ಟೆಯಲ್ಲಿ ಲೇಪಿಸುವ ಪ್ರತಿಕಾಯ ಎಲ್ಲಿಂದ ಬರುತ್ತದೆ? ಹಾರ್ಮೋನನ್ನು ಒಂದು ಪ್ರೋಟೀನಿಗೆ ಜೋಡಿಸಿ, ಪ್ರಾಣಿಯ ದೇಹಕ್ಕೆ ಮತ್ತೆ ಮತ್ತೆ ಚುಚ್ಚಿ, ಅದರ ರಕ್ತದಲ್ಲಿ ಪ್ರತಿಕಾಯ ಉಂಟಾದ ಮೇಲೆ ಆ ರಕ್ತವನ್ನು ತೆಗೆಯುವುದು ಬಹುಕಾಲದಿಂದ ಬಂದ ಕ್ರಮ. ಇದಕ್ಕೆ ಹೆಚ್ಚಾಗಿ ಬಳಸುವ ಪ್ರಾಣಿ ಮತ್ತಾವುದೂ ಅಲ್ಲ, ಮೊಲವೇ! ಕೆಲವು ಪ್ರತಿಕಾಯಗಳಿಗೆ ಇಲಿ. ಅಪರೂಪದ ಮೊಲದ ಒಂದು ಹನಿ ರಕ್ತವನ್ನು ಉಳಿಸುವ ವಿದ್ಯೆಯು, ಅಪರೂಪವಲ್ಲದ ಮೊಲದ ರಕ್ತದ ಮೇಲೆ ನಿಂತಿದೆ. ಎರಡೂ ಪಂಚೇಂದ್ರಿಯ ಜೀವಗಳೇ. ಎಣಿಕೆಯಲ್ಲಿ ಹದಿನಾರು ಉಳಿದಿದೆಯೆಂದು ಒಂದರ ಆತ್ಮಕ್ಕೆ ಬೆಲೆ ಹೆಚ್ಚಾಗುವುದಿಲ್ಲ, ಲಕ್ಷಗಟ್ಟಲೆ ಇದೆಯೆಂದು ಇನ್ನೊಂದರದು ತಗ್ಗುವುದಿಲ್ಲ. ಜಾತಿಯ ಅಳಿವನ್ನು ಕುರಿತು ವಿಜ್ಞಾನಿಯ ಚಿಂತೆ ಯೋಗ್ಯವಾದದ್ದೇ. ಆದರೆ ನೋವನ್ನು ಅನುಭವಿಸುವುದು ಜಾತಿಯಲ್ಲ, ಒಂದೊಂದು ಜೀವ.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿಯಾಗಿ ತಪ್ಪುವುದಿಲ್ಲ, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು ಎಂದು ಹೇಳಿ ಈ ಪ್ರತಿಕಾಯದ ದೋಷವನ್ನು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಸೇರಿಸಬಹುದೆಂಬ ವಾದವುಂಟು. ಬೇರೆ ದಾರಿಯೇ ಇಲ್ಲದಿದ್ದಾಗ ಆ ವಾದಕ್ಕೆ ಬಲವಿತ್ತು. ಈಗ ಪ್ರಾಣಿಯಿಲ್ಲದೆ, ಸೂಕ್ಷ್ಮಾಣುಗಳ ಸಹಾಯದಿಂದ ಪ್ರತಿಕಾಯವನ್ನು ತಯಾರಿಸುವ ಕ್ರಮಗಳು ಬಂದಿವೆ. 2020ರಲ್ಲಿ ಐರೋಪ್ಯ ಒಕ್ಕೂಟದ, ಪ್ರಾಣಿಪ್ರಯೋಗಕ್ಕೆ ಪರ್ಯಾಯಗಳನ್ನು ಪರಿಶೀಲಿಸುವ ಕೇಂದ್ರವು ಪ್ರಾಣಿಗಳಿಂದ ಪ್ರತಿಕಾಯ ತೆಗೆಯುವುದನ್ನು ಬಿಡಬೇಕೆಂದು ಶಿಫಾರಸು ಮಾಡಿತು. ಶ್ರಾವಕನ ಅಡಿಗೆಮನೆಯಲ್ಲಿ ನಡೆಯುವುದೂ ಇದೇ ಅಲ್ಲವೆ? ತ್ರಸಜೀವಗಳ ಹಿಂಸೆಯನ್ನು ಬಿಟ್ಟು, ಸ್ಥಾವರ ಜೀವಗಳ ಹಿಂಸೆಯನ್ನು ಆದಷ್ಟು ಮಿತಗೊಳಿಸುವುದು. ದಾರಿ ಇದೆಯೆಂದು ತಿಳಿದ ಮೇಲೂ ಹಳೆಯ ಸೀಸೆಯನ್ನೇ ತರಿಸಿಕೊಂಡರೆ ಅದು ಅನಿವಾರ್ಯವೆನಿಸದು, ಪ್ರಮಾದವೆನಿಸುತ್ತದೆ.

ಇಷ್ಟಾದರೂ ಬಂಧದ ಪ್ರಶ್ನೆ ಹಾಗೆಯೇ ಉಳಿಯಿತು. ಮದುವೆಯ ಔತಣಕ್ಕಾಗಿ ದೊಡ್ಡಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆರ್ತಸ್ವರವನ್ನು ಕೇಳಿ ನೇಮಿನಾಥಸ್ವಾಮಿ ಮದುವೆಯನ್ನೇ ತೊರೆದು ಗಿರಿನಾರಕ್ಕೆ ನಡೆದ ಕಥೆ ಜೈನ ಮಕ್ಕಳಿಗೆಲ್ಲ ಬಾಯಿಪಾಠ. ಆ ದೊಡ್ಡಿಗೂ ಓರೆಗಾನ್ ಮೃಗಾಲಯದ ಗೂಡಿಗೂ ಭೇದವಿದೆಯೆ? ಇದೆ. ಒಂದು ಕೊಲ್ಲುವುದಕ್ಕೆ, ಇನ್ನೊಂದು ಉಳಿಸುವುದಕ್ಕೆ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಕೇಡುಂಟುಮಾಡುವುದೇ ಹಿಂಸೆಯೆಂದು ಸೂತ್ರಕಾರರು ಹೇಳಿರುವುದರಿಂದಲೂ, ಫಲಕ್ಕಿಂತ ಪರಿಣಾಮವನ್ನು, ಅಂದರೆ ಒಳಗಿನ ಭಾವವನ್ನು, ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಹಿಡಿದಿರುವುದರಿಂದಲೂ ಈ ಭೇದವು ಸಣ್ಣದಲ್ಲ. ಆದರೂ ಒಳ್ಳೆಯ ಭಾವದಿಂದ ಕಟ್ಟಿದ ಹಗ್ಗವೂ ಹಗ್ಗವೇ. ಭಾವವು ಪಾಪವನ್ನು ಹಗುರಮಾಡಬಹುದು. ಮೊಲದ ಕಾಲಿಗೆ ಬಯಲನ್ನು ಒದಗಿಸುವುದಿಲ್ಲ.

ಬಂಧದ ಬಗೆಗಳನ್ನು ಹಾಸನ ಜಿಲ್ಲೆಯವರು ದೂರದಿಂದ ಕಲಿಯಬೇಕಾಗಿಲ್ಲ. ಆಲೂರು, ಸಕಲೇಶಪುರ, ಅರಕಲಗೂಡಿನ ಕಡೆಯ ತೋಟಗದ್ದೆಗಳಲ್ಲಿ ಆನೆಯ ಲದ್ದಿಯನ್ನು ನೋಡದವರು ವಿರಳ. ಉಚ್ಚ ನ್ಯಾಯಾಲಯದ ನಿರ್ದೇಶನದ ನಂತರ 2014ರಲ್ಲಿ ಈ ಜಿಲ್ಲೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಮನುಷ್ಯರ ಪ್ರಾಣ, ಬೆಳೆ ಎರಡೂ ಅಪಾಯದಲ್ಲಿದ್ದುವೆಂಬುದು ನಿಜ. ಅದನ್ನು ವಿರೋಧೀ ಹಿಂಸೆಯ ಕಕ್ಷೆಯಲ್ಲಿಡಬಹುದು. ಅದು ಮನುಷ್ಯನ ರಕ್ಷಣೆಗಾಗಿ ಮಾಡಿದ ಬಂಧ. ಕುಬ್ಜಮೊಲದ್ದು ಮೊಲದ ವಂಶದ ರಕ್ಷಣೆಗಾಗಿ ಮಾಡಿದ ಬಂಧ. ಎರಡರಲ್ಲಿಯೂ ಬಂಧನಕ್ಕೊಳಗಾದ ಜೀವದ ಒಪ್ಪಿಗೆ ಇರಲಿಲ್ಲ.

ಲದ್ದಿಯ ವಿದ್ಯೆಯೂ ಇಲ್ಲಿಗೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಸುಕುಮಾರ್ ಮತ್ತು ಪಿ. ಬಿ. ಶೇಷಗಿರಿ ಅವರೊಡನೆ ಕೆಲಸಮಾಡಿದ ಸಂಶೋಧಕರು, ಲದ್ದಿಯಲ್ಲಿ ಪ್ರೊಜೆಸ್ಟರಾನಿನ ಶೇಷವನ್ನಳೆದು ಹೆಣ್ಣಾನೆಯ ಋತುಚಕ್ರವನ್ನು ತಿಳಿಯುವ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು. ಹೈದರಾಬಾದಿನಲ್ಲಿ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರಕ್ಕೆ ಸೇರಿದ, ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣಾ ಪ್ರಯೋಗಾಲಯದಲ್ಲಿಯೂ ಇಂಥ ಪರೀಕ್ಷೆಗಳು ನಡೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ತಂಡವು 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ವಿಚಿತ್ರವಾದ ಸಂಗತಿಯೊಂದು ಕಂಡುಬಂತು. ಕಾಡಿನಲ್ಲಿಯೇ ಇರುವ ಆನೆಗಳಿಗಿಂತ, ಬೆಳೆಗೆ ನುಗ್ಗುವ ಆನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನು ಕಡಿಮೆಯಿತ್ತು. ಪುಷ್ಟಿಯಾದ ಆಹಾರವೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಪಟಾಕಿ, ವಿದ್ಯುತ್ ತಂತಿ, ಕಂದಕಗಳ ನಡುವೆ ಬದುಕುವ ಆನೆಯ ಲದ್ದಿಯು ನೆಮ್ಮದಿಯ ಅಂಕಿಯನ್ನು ತೋರಿಸಿತು. ಆದುದರಿಂದ ಹೊಟ್ಟೆತುಂಬ ಮೇವು ಸಿಗುವ ಗೂಡಿನ ಮೊಲದಲ್ಲಿ ಕಾರ್ಟಿಸಾಲ್ ಕಡಿಮೆಯೆಂದು ಕಂಡರೆ, ಅದು ಸೆರೆಯಲ್ಲಿ ಸುಖವಾಗಿದೆಯೆಂದು ತೀರ್ಮಾನಿಸಲಾಗದು. ಅಂಕಿಯು ದೇಹದ ಸಾಕ್ಷಿಯನ್ನು ಹೇಳುತ್ತದೆ. ಅನ್ನಪಾನನಿರೋಧವಿಲ್ಲವೆಂಬುದಕ್ಕೆ ಅದು ಪ್ರಮಾಣವಾಗಬಹುದು, ಬಂಧವಿಲ್ಲವೆಂಬುದಕ್ಕಲ್ಲ.

ವ್ರತೋಪವಾಸಗಳನ್ನು ಆಚರಿಸುವವರಿಗೆ ಇನ್ನೊಂದು ಸಂಗತಿ ಚೆನ್ನಾಗಿ ತಿಳಿದಿದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಪ್ಪೊತ್ತು ಉಂಡು, ಬ್ರಹ್ಮಚರ್ಯದಿಂದಿದ್ದು, ದಿಗ್ವ್ರತ ದೇಶವ್ರತಗಳಿಂದ ಓಡಾಟಕ್ಕೆ ಎಲ್ಲೆ ಹಾಕಿಕೊಳ್ಳುವ ಶ್ರಾವಕನ ಹೊರಸ್ಥಿತಿಗೂ ಗೂಡಿನ ಮೊಲದ ಹೊರಸ್ಥಿತಿಗೂ ಹೋಲಿಕೆಯಿದೆ. ಅದಕ್ಕೂ ಎಲ್ಲೆ, ಅಳತೆಯ ಆಹಾರ, ಕೂಟಕ್ಕೆ ನಿಯಮ. ಆದರೆ ಶ್ರಾವಕನದು ಸಂಯಮ, ಮೊಲದ್ದು ಸೆರೆ. ತಾನೇ ಒಪ್ಪಿ ಹಾಕಿಕೊಂಡ ಎಲ್ಲೆಯಿಂದ ಕರ್ಮ ಸವೆಯುತ್ತದೆ. ಹೊರಗಿನಿಂದ ಹೇರಿದ ಎಲ್ಲೆಯಿಂದ ಆರ್ತಧ್ಯಾನ ಹೆಚ್ಚುತ್ತದೆ. ಯಾವ ಹೆಣ್ಣಿಗೆ ಯಾವ ಗಂಡು ಎಂದು ಪುಸ್ತಕ ನೋಡಿ ನಿಶ್ಚಯಿಸುವುದೂ ಇಲ್ಲಿ ಸೇರಿತ್ತು. ಶುದ್ಧ ಕೊಲಂಬಿಯಾ ಮೊಲಗಳಿಂದಲೇ ವಂಶವು ಮುಂದುವರಿಯದೆಂದು ಕಂಡಾಗ ಐಡಹೊ ಮೊಲಗಳೊಡನೆ ಕೂಡಿಸಿದರು. ಶುದ್ಧವಂಶದ ಕೊನೆಯ ಗಂಡು 2006ರಲ್ಲಿ, ಕೊನೆಯ ಹೆಣ್ಣು 2008ರಲ್ಲಿ ಸೆರೆಯಲ್ಲಿಯೇ ಸತ್ತವು. ಆ ಎರಡು ಜೀವಗಳಿಗೆ ತಮ್ಮ ವಂಶ ಮುಂದುವರಿಯುವ ಹಂಬಲವಿತ್ತೆಂದು ಹೇಳಲು ಆಧಾರವಿಲ್ಲ. ಆ ಹಂಬಲ ಮನುಷ್ಯನದು. ಅದು ಕೆಟ್ಟದ್ದಲ್ಲ, ತಾನೇ ಉತ್ತು ಹಾಳುಮಾಡಿದ ಬಯಲಿನ ಋಣವನ್ನು ತೀರಿಸುವ ಹಂಬಲ. ಆದರೆ ಅದರ ಬೆಲೆಯನ್ನು ಕೊಟ್ಟವು ಮೊಲಗಳು.

ಸೆರೆಗೆ ಸಮರ್ಥನೆಯೇನಾದರೂ ಇದ್ದರೆ ಅದು ಬಿಡುಗಡೆಯಲ್ಲಿ ಮಾತ್ರ. 2007ರಲ್ಲಿ ಮಿಶ್ರಸಂತತಿಯ 20 ಮೊಲಗಳನ್ನು ಬಯಲಿಗೆ ಬಿಟ್ಟರು. ಹೆಚ್ಚಿನವು ಸ್ವಲ್ಪ ಕಾಲದಲ್ಲಿಯೇ ಬೇಟೆಗಾರ ಪ್ರಾಣಿಗಳ ಬಾಯಿಗೆ ಬಿದ್ದವು. ಕೆಲವರು ಇದನ್ನೇ ಎತ್ತಿ, ಗೂಡಿನಲ್ಲಿದ್ದರೆ ಬದುಕುತ್ತಿದ್ದುವಲ್ಲ ಎನ್ನಬಹುದು. ಚತುರ್ವಿಧ ದಾನಗಳಲ್ಲಿ ಅಭಯದಾನವು ಶ್ರೇಷ್ಠವಾದದ್ದು. ಆದರೆ ಭಯದ ಕಾರಣಗಳನ್ನೆಲ್ಲ ಹೊರಗಿಟ್ಟು ಬೀಗ ಹಾಕುವುದು ಅಭಯವೆನಿಸದು, ಬರಿಯ ಕಾವಲೆನಿಸುತ್ತದೆ. ಬಿಟ್ಟವರು ಮತ್ತೆ ಕಲಿತರು. 2011ರಿಂದ ಸೇಜ್‌ಬ್ರಷ್ ಬಯಲಿನಲ್ಲಿಯೇ ವಿಶಾಲವಾದ ಬೇಲಿಯೊಳಗೆ, ಬಿಲ ತೋಡಿ, ತಮ್ಮ ಜೊತೆಯನ್ನು ತಾವೇ ಆರಿಸಿಕೊಂಡು ಮರಿ ಹಾಕುವಂತೆ ಬಿಟ್ಟು, ಮರಿಗಳನ್ನು ಹೊರಗಿನ ಬಯಲಿಗೆ ಕಳುಹಿಸತೊಡಗಿದರು. 2012ರಲ್ಲಿ ಮೃಗಾಲಯಗಳ ಗೂಡುಗಳ ಸಾಕಣೆ ನಿಂತಿತು. 2017 ಮತ್ತು 2020ರ ಕಾಡುಗಿಚ್ಚುಗಳಲ್ಲಿ ಅವುಗಳ ಪೈಕಿ ಬಹಳಷ್ಟು ನಾಶವಾದುವು. ಉಳಿದವುಗಳ ಲೆಕ್ಕವನ್ನು ಚಳಿಗಾಲದಲ್ಲಿ ಬಿಲದ ಬಾಯಿಯ ಹಿಕ್ಕೆಯನ್ನು ಆಯ್ದು ಇಡುತ್ತಾರೆ. ಆ ಮೊಲಗಳಿಗೆ ಗೂಡೂ ಇಲ್ಲ, ಸೂಜಿಯೂ ಇಲ್ಲ. ಪಿಂಛಿಯ ಗರಿಯ ಉದಾಹರಣೆ ಪೂರ್ತಿಯಾಗಿ ಒಪ್ಪುವುದು ಇಲ್ಲಿ. ಏಕೆಂದರೆ ಗರಿ ಉದುರಿಸಿದ ನವಿಲು ಪಂಜರದಲ್ಲಿರುವುದಿಲ್ಲ.

ಹಾಗಾದರೆ ಆ ತರುಣಿಗೆ ಏನು ಹೇಳಬೇಕು? ಕೆಲಸವನ್ನು ಒಪ್ಪಬಹುದು. ಆದರೆ ಸೇರುವ ಮೊದಲು ಮೂರು ಮಾತನ್ನು ವಿಚಾರಿಸಿಕೊಳ್ಳುವುದು ಉಚಿತ. ಆ ಪ್ರಾಣಿಗಳನ್ನು ಬಿಡುವ ಸಂಕಲ್ಪವಿದೆಯೆ, ಬಿಡುವುದಕ್ಕೆ ನೆಲ ಉಳಿದಿದೆಯೆ, ಪರೀಕ್ಷೆಯ ಪ್ರತಿಕಾಯ ಯಾವ ಪ್ರಾಣಿಯಿಂದ ಬಂದಿದೆ. ಮೊದಲನೆಯದಕ್ಕೆ ಉತ್ತರವಿಲ್ಲದ ಕಡೆ ಹಿಕ್ಕೆಯ ವಿದ್ಯೆಯು ಸೆರೆಯನ್ನು ಸುಸೂತ್ರವಾಗಿ ನಡೆಸುವ ಉಪಾಯ ಮಾತ್ರವಾಗುತ್ತದೆ. ಅಂಥಲ್ಲಿಗೆ ಹೋಗದಿರುವುದು ಲೇಸು. ಮೂರನೆಯದನ್ನು ಕೇಳಿದರೆ ಮೇಲಿನವರು ನಗಬಹುದು. ಕೇಳಬೇಕು. ಕಪ್ಪೆ ಕೊಯ್ಯುವುದಿಲ್ಲವೆಂದ ಮಕ್ಕಳನ್ನು ನೋಡಿಯೂ ಆ ಕಾಲದಲ್ಲಿ ನಕ್ಕವರಿದ್ದರು. ತನ್ನ ಕೆಲಸವನ್ನು ಅಹಿಂಸೆಯೆಂದು ಕರೆದುಕೊಳ್ಳದೆ, ಅಲ್ಪಹಿಂಸೆಯೆಂದು ಬಲ್ಲವಳಾಗಿ, ಸಾಯಂಕಾಲದ ಪ್ರತಿಕ್ರಮಣದಲ್ಲಿ ಆ ದಿನದ ಗೂಡಿನ ಮೊಲಗಳನ್ನೂ ಸೇರಿಸಿಕೊಳ್ಳಬೇಕು.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವಿರುವವಳು ಆರಂಭಕಾರ್ಯಗಳನ್ನು ತ್ಯಜಿಸಬೇಕು. ಗರ್ಭಿಣಿಮೊಲವಾದರೋ ತಿಥಿಯನ್ನು ನೋಡುವುದಿಲ್ಲ, ಆ ದಿನದ ಹಿಕ್ಕೆ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಇದಕ್ಕೂ ಸಮಾಧಾನವುಂಟು. ಮೇವುನೀರು ಇಡುವುದನ್ನು ಉಪವಾಸದ ದಿನವೂ ಬಿಡಬಾರದು, ಬಿಟ್ಟರೆ ಅದೇ ಅತಿಚಾರ. ಮೇವು ಇಡಲು ಹೋದಾಗ ನೆಲವನ್ನು ಚೆನ್ನಾಗಿ ನೋಡಿ, ಇರುವೆ ಹುಳುಗಳಿಲ್ಲದ ಹಿಕ್ಕೆಯನ್ನು ಆರಿಸಿ, ಸೀಸೆಯಲ್ಲಿ ಹಾಕಿ ತಿಥಿಯನ್ನು ಬರೆದು ಶೀತಪೆಟ್ಟಿಗೆಯಲ್ಲಿಟ್ಟರೆ ಸಾಕು. ಮದ್ಯಸಾರ, ತಟ್ಟೆ, ಯಂತ್ರಗಳ ಕೆಲಸ ಪಾರಣೆಯಾದ ಮೇಲೆ ಆಗುತ್ತದೆ. ಹೆಪ್ಪುಗಟ್ಟಿಸಿಟ್ಟ ಹಿಕ್ಕೆ ತಿಂಗಳುಗಟ್ಟಲೆ ಕೆಡುವುದಿಲ್ಲ.